ನ್ಯೂಬಿಯದ ಮರಳುಗಲ್ಲು: ಮರುಭೂಮಿಯ ಅಡಿಯಲ್ಲೊಂದು ಜಲಭಂಡಾರ

ಆಫ್ರಿಕದ ಸಹರಾ ಮರುಭೂಮಿಯ ಪೂರ್ವಭಾಗ ಭೂಮಿಯ ಮೇಲಿನ ಅತ್ಯಂತ ಒಣ ಪ್ರದೇಶಗಳಲ್ಲಿ ಒಂದು. ಈಜಿಪ್ಟಿನ ನೈರುತ್ಯ ಭಾಗ, ಲಿಬಿಯದ ಆಗ್ನೇಯ ಭಾಗ, ಸೂಡಾನಿನ ವಾಯವ್ಯ ಭಾಗ ಮತ್ತು ಚಾಡ್ ದೇಶದ ಈಶಾನ್ಯ ಭಾಗ ಕೂಡುವ ಈ ನೆಲದಲ್ಲಿ ಮಳೆ ಎಂಬುದು ಅಪರೂಪದ ಘಟನೆ. ವರ್ಷದ ಸರಾಸರಿ ಕೆಲವೇ ಮಿಲಿಮೀಟರು. ಹನಿಯೂ ಬೀಳದ ವರ್ಷಗಳು ಒಂದರ ಹಿಂದೊಂದು ಬರುವುದುಂಟು. ಆದರೂ ಇಲ್ಲಿ ಖರ್ಗಾ, ದಖ್ಲಾ, ಫರಾಫ್ರಾ, ಬಹರಿಯಾ, ಕುಫ್ರಾ ಮುಂತಾದ ಓಯಸಿಸ್‌ಗಳಿವೆ. ಖರ್ಜೂರದ ತೋಪುಗಳಿವೆ, ಗೋಧಿಯ ಹೊಲಗಳಿವೆ, ಸಾವಿರಾರು ವರ್ಷಗಳಿಂದ ಜನವಸತಿ ಇದೆ. ಮಳೆಯೂ ಇಲ್ಲ, ನದಿಯೂ ಇಲ್ಲ. ಹಾಗಾದರೆ ಈ ನೀರು ಎಲ್ಲಿಂದ ಬಂತು?

ಉತ್ತರ ನೆಲದಡಿಯ ಒಂದು ಕಲ್ಲಿನಲ್ಲಿದೆ. ಅದರ ಹೆಸರು ನ್ಯೂಬಿಯದ ಮರಳುಗಲ್ಲು. ಈ ಕಲ್ಲು ಹೇಗೆ ಹುಟ್ಟಿತು, ಅದರೊಳಗೆ ನೀರು ಹೇಗೆ ಸೇರಿತು, ಆ ನೀರಿನ ವಯಸ್ಸನ್ನು ಹೇಗೆ ಕಂಡುಹಿಡಿದರು ಎಂಬುದನ್ನು ತಿಳಿದರೆ, ಅದನ್ನು ಹೇಗೆ ಖರ್ಚು ಮಾಡಬೇಕು ಎಂಬ ಪ್ರಶ್ನೆಯ ತೂಕವೂ ಅರ್ಥವಾಗುತ್ತದೆ.

ಒಂದು ಹೆಸರು, ಹಲವು ಪದರಗಳು

ಈಜಿಪ್ಟಿನ ಆಸ್ವಾನ್‌ನಿಂದ ದಕ್ಷಿಣಕ್ಕೆ ಸೂಡಾನಿನವರೆಗೆ ನೈಲ್ ನದಿಯ ಇಕ್ಕೆಲಗಳಲ್ಲಿ ಹರಡಿರುವ ನಾಡಿಗೆ ನ್ಯೂಬಿಯ ಎಂದು ಹೆಸರು. ಅಲ್ಲಿ ಎದ್ದು ಕಾಣುವ ಕಂದು, ಹಳದಿ, ಕೆಂಪು ಛಾಯೆಯ ಮರಳುಗಲ್ಲಿಗೆ ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿಗಳು ಆ ನಾಡಿನ ಹೆಸರನ್ನೇ ಇಟ್ಟರು. ಇದೇ ಬಗೆಯ ಕಲ್ಲು ಲಿಬಿಯ, ಚಾಡ್‌ಗಳಲ್ಲೂ ಇದೆ ಎಂಬುದು ಆಮೇಲೆ ತಿಳಿಯಿತು.

ಹೆಸರು ಒಂದೇ ಆದರೂ ಇದು ಒಂದೇ ಕಾಲದಲ್ಲಿ ಹುಟ್ಟಿದ ಒಂದೇ ಶಿಲೆಯಲ್ಲ. ಅತಿ ಹಳೆಯ ಪದರಗಳಿಗೆ ಸುಮಾರು 50 ಕೋಟಿ ವರ್ಷ ವಯಸ್ಸು. ಅವು ಹೆಚ್ಚಾಗಿ ಲಿಬಿಯದ ಕುಫ್ರಾ ದ್ರೋಣಿಯಲ್ಲಿವೆ. ಈಜಿಪ್ಟಿನಲ್ಲಿ ಕಾಣುವ ಪದರಗಳಲ್ಲಿ ಹೆಚ್ಚಿನವು ಕ್ರಿಟೇಶಸ್ ಯುಗದವು, ಅಂದರೆ ಡೈನೋಸಾರ್‌ಗಳು ಬದುಕಿದ್ದ ಕಾಲದವು. ಇವೆಲ್ಲ ಇನ್ನೂ ಪುರಾತನವಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಹಾಸಿನ ಮೇಲೆ ಕುಳಿತಿವೆ. ದಕ್ಷಿಣದ ಅಂಚಿನಲ್ಲಿ ಪದರಗಳು ತೆಳು. ಉತ್ತರಕ್ಕೆ ಹೋದಂತೆ ಅವು ದಪ್ಪವಾಗುತ್ತ, ಆಳಕ್ಕಿಳಿಯುತ್ತ ಹೋಗುತ್ತವೆ. ದ್ರೋಣಿಗಳ ನಡುಭಾಗದಲ್ಲಿ ಅವುಗಳ ಒಟ್ಟು ದಪ್ಪ ಕೆಲವೆಡೆ 3,000 ಮೀಟರಿಗೂ ಹೆಚ್ಚು. ಇಡೀ ವ್ಯವಸ್ಥೆಯ ವಿಸ್ತಾರ ಸುಮಾರು 22 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ವಿಸ್ತೀರ್ಣದ ಸುಮಾರು ಹನ್ನೊಂದರಷ್ಟು!

ಪ್ರಾಚೀನ ಈಜಿಪ್ಟಿನವರಿಗೆ ಈ ಕಲ್ಲು ಚೆನ್ನಾಗಿ ಪರಿಚಿತವಾಗಿತ್ತು. ನೈಲ್ ದಂಡೆಯ ಗೆಬೆಲ್ ಎಲ್-ಸಿಲ್‌ಸಿಲಾ ಗಣಿಗಳಿಂದ ತೆಗೆದ ಮರಳುಗಲ್ಲು ಕಾರ್ನಾಕ್, ಲಕ್ಸರ್ ಮುಂತಾದ ಕಡೆಯ ದೇವಾಲಯಗಳಿಗೆ ಬಳಕೆಯಾಯಿತು. ಅಬು ಸಿಂಬೆಲ್‌ನಲ್ಲಿ ಎರಡನೆಯ ರಾಮ್ಸೆಸ್ ಕಟ್ಟಿಸಿದ ಗುಡಿಯನ್ನು ಇದೇ ಕಲ್ಲಿನ ಬೆಟ್ಟವನ್ನು ಕೊರೆದು ಮಾಡಲಾಗಿದೆ. ಆಸ್ವಾನ್ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಲಿದ್ದ ಆ ಗುಡಿಯನ್ನು 1964ರಿಂದ 1968ರ ನಡುವೆ ತುಂಡುತುಂಡಾಗಿ ಕತ್ತರಿಸಿ, ಸುಮಾರು 65 ಮೀಟರ್ ಎತ್ತರದ ಜಾಗದಲ್ಲಿ ಮರುಜೋಡಿಸಲಾಯಿತು. ಕೆತ್ತುವವನ ಉಳಿಗೆ ಸುಲಭವಾಗಿ ಬಗ್ಗುವುದು ಮರಳುಗಲ್ಲಿನ ಗುಣ. ನಮ್ಮ ಬಾದಾಮಿಯ ಗುಹಾಲಯಗಳಿಗೂ ಪಟ್ಟದಕಲ್ಲಿನ ಗುಡಿಗಳಿಗೂ ಮರಳುಗಲ್ಲೇ ಆಧಾರ ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಬಾದಾಮಿಯ ಕಲ್ಲು ನ್ಯೂಬಿಯದ್ದಕ್ಕಿಂತ ಬಹಳ ಹಳೆಯದು.

ಮರಳು ಕಲ್ಲಾದ ಬಗೆ

ಮರಳುಗಲ್ಲು ಒಂದು ಕಣಶಿಲೆ. ಬೆಟ್ಟದ ಗ್ರಾನೈಟ್ ಬಿಸಿಲು, ಗಾಳಿ, ಮಳೆಗಳಿಗೆ ಸಿಕ್ಕಿ ಶಿಥಿಲವಾದಾಗ ಅದರಲ್ಲಿರುವ ಫೆಲ್ಡ್‌ಸ್ಪಾರ್ ಖನಿಜ ಕ್ರಮೇಣ ಜೇಡಿಯಾಗುತ್ತದೆ. ಕ್ವಾರ್ಟ್ಜ್ ಮಾತ್ರ ಗಟ್ಟಿ. ಅದು ರಾಸಾಯನಿಕವಾಗಿ ಬದಲಾಗದೆ ಕಾಳುಕಾಳಾಗಿ ಉಳಿಯುತ್ತದೆ. ಈ ಕಾಳುಗಳೇ ಮರಳು. ನದಿಗಳು ಅದನ್ನು ತಗ್ಗಿಗೆ ಸಾಗಿಸಿ ಹರಡುತ್ತವೆ. ಮೇಲೆ ಮೇಲೆ ಪದರಗಳು ಕೂಡಿದಂತೆ ಕೆಳಗಿನ ಮರಳು ಒತ್ತಡಕ್ಕೆ ಸಿಕ್ಕಿ ಬಿಗಿಯಾಗುತ್ತದೆ. ಕಾಳುಗಳ ಸಂದಿಯಲ್ಲಿ ಹರಿಯುವ ನೀರು ತನ್ನಲ್ಲಿ ಕರಗಿರುವ ಸಿಲಿಕ, ಕ್ಯಾಲ್ಸೈಟ್ ಅಥವಾ ಕಬ್ಬಿಣದ ಆಕ್ಸೈಡನ್ನು ಅಲ್ಲಿ ಬಿಡುತ್ತದೆ. ಇದು ಗಾರೆಯಂತೆ ಕಾಳುಗಳನ್ನು ಅಂಟಿಸುತ್ತದೆ. ಅಂಟು ಕಬ್ಬಿಣದ್ದಾದರೆ ಕಲ್ಲಿಗೆ ಕೆಂಪು ಅಥವಾ ಹಳದಿ ಬಣ್ಣ ಬರುತ್ತದೆ.

ಗಾರೆ ಎಲ್ಲ ಸಂದುಗಳನ್ನೂ ತುಂಬಿಬಿಟ್ಟರೆ ಕಲ್ಲು ಬಲು ಗಟ್ಟಿ. ಅರ್ಧಂಬರ್ಧ ತುಂಬಿದರೆ ಕಲ್ಲಿನೊಳಗೆ ಜಾಗ ಉಳಿಯುತ್ತದೆ. ನ್ಯೂಬಿಯದ ಮರಳುಗಲ್ಲಿನ ಬಹುಪಾಲು ಎರಡನೆಯ ಬಗೆಯದು. ಅದರ ಮಹತ್ವವೆಲ್ಲ ಈ ಖಾಲಿ ಜಾಗದಲ್ಲಿದೆ.

ಪದರಗಳು ಹೇಳುವ ಕಥೆ

ಮರುಭೂಮಿಯ ಮರಳುಗಲ್ಲು ಎಂದೊಡನೆ ಅದು ಹಳೆಯ ಮರಳದಿಣ್ಣೆಗಳು ಗಟ್ಟಿಯಾಗಿ ಆದದ್ದಿರಬೇಕು ಎಂದು ತೋರುವುದು ಸಹಜ. ವಾಸ್ತವ ಬೇರೆ. ಕೆಲವು ಪದರಗಳನ್ನು ಗಾಳಿ ಕಟ್ಟಿರುವುದು ನಿಜವಾದರೂ ಬಹುಪಾಲನ್ನು ಹಾಸಿದ್ದು ನದಿಗಳು ಮತ್ತು ಆಳವಿಲ್ಲದ ಸಮುದ್ರದ ತೀರ. ಕಲ್ಲನ್ನು ಅಡ್ಡಲಾಗಿ ಕತ್ತರಿಸಿದ ಕಡೆ ಓರೆಯಾಗಿ ಜೋಡಿಸಿದಂತಹ ತೆಳುಪದರಗಳು ಕಾಣುತ್ತವೆ. ನೀರು ಅಥವಾ ಗಾಳಿ ಮರಳನ್ನು ಮುಂದೆ ತಳ್ಳುತ್ತ ಹೋದಾಗ ದಿಣ್ಣೆಯ ಇಳಿಜಾರಿನಲ್ಲಿ ಇಂಥ ಓರೆಪದರಗಳು ಉಂಟಾಗುತ್ತವೆ. ಅವು ವಾಲಿರುವ ದಿಕ್ಕನ್ನು ಅಳೆದರೆ ಕೋಟ್ಯಂತರ ವರ್ಷಗಳ ಹಿಂದೆ ನದಿ ಯಾವ ಕಡೆಗೆ ಹರಿಯುತ್ತಿತ್ತೆಂದು ಹೇಳಬಹುದು.

ಇನ್ನೂ ಅಚ್ಚರಿಯ ಪುರಾವೆಗಳಿವೆ. ಸುಮಾರು 44.5 ಕೋಟಿ ವರ್ಷಗಳ ಹಿಂದೆ ಆಫ್ರಿಕದ ಉತ್ತರಭಾಗ ಭೂಮಿಯ ದಕ್ಷಿಣ ಧ್ರುವದ ಸಮೀಪದಲ್ಲಿತ್ತು. ಆ ಕಾಲದ ಹಿಮನದಿಗಳು ಉಜ್ಜಿ ಮಾಡಿದ ಗೀರುಗಳು ಮತ್ತು ಬಿಟ್ಟುಹೋದ ಗಸಿ ಸಹರಾದ ಶಿಲೆಗಳಲ್ಲಿ, ಕುಫ್ರಾ ದ್ರೋಣಿಯ ಅಂಚಿನಲ್ಲೂ ಸಹ, ಸಿಕ್ಕಿವೆ. ಇಂದು ಕಾದ ಬಾಣಲೆಯಂತಿರುವ ನೆಲ ಒಮ್ಮೆ ಹಿಮದ ಹಾಸಿನ ಕೆಳಗಿತ್ತು!

ಬಹರಿಯಾದ ಪದರಗಳು ಇದಕ್ಕಿಂತ ಬಹಳ ಈಚಿನವು, ಸುಮಾರು 9.5 ಕೋಟಿ ವರ್ಷ ಹಳೆಯವು. ಆಗ ಅಲ್ಲಿ ಜೌಗು ಕಡಲತೀರವಿತ್ತು. ಜರ್ಮನಿಯ ಪಳೆಯುಳಿಕೆ ವಿಜ್ಞಾನಿ ಅರ್ನ್ಸ್ಟ್ ಸ್ಟ್ರೋಮರ್ ಇಲ್ಲಿ ದೊರೆತ ಮೂಳೆಗಳ ಆಧಾರದಿಂದ 1915ರಲ್ಲಿ ಸ್ಪೈನೋಸಾರಸ್ ಎಂಬ ಡೈನೋಸಾರನ್ನು ವರ್ಣಿಸಿದರು. ಮ್ಯೂನಿಕ್‌ನಲ್ಲಿದ್ದ ಆ ಮೂಳೆಗಳು 1944ರ ಏಪ್ರಿಲ್‌ನಲ್ಲಿ ಬಾಂಬ್ ದಾಳಿಗೆ ನಾಶವಾದವು. 2001ರಲ್ಲಿ ಅದೇ ಬಹರಿಯಾದಿಂದ ಪ್ಯಾರಾಲಿಟೈಟನ್ ಎಂಬ ಭಾರೀ ಸಸ್ಯಾಹಾರಿ ಡೈನೋಸಾರ್ ಬೆಳಕಿಗೆ ಬಂತು. ಅಷ್ಟು ದೊಡ್ಡ ಪ್ರಾಣಿ ಬದುಕಬೇಕಾದರೆ ಹೇರಳ ಹಸಿರು ಬೇಕು. ಹೀಗೆ ಒಂದೇ ಶಿಲಾಸಮೂಹದಲ್ಲಿ ಹಿಮ, ನದಿ, ಕಡಲು, ಜೌಗು ಎಲ್ಲವೂ ದಾಖಲಾಗಿವೆ.

ಕಲ್ಲಿನಲ್ಲಿ ನೀರಿಗೆ ಜಾಗವೆಲ್ಲಿ?

ನೆಲದಡಿಯ ನೀರೆಂದರೆ ಗುಹೆಯೊಳಗಿನ ಕೆರೆ ಅಥವಾ ಹರಿಯುವ ಹೊಳೆ ಎಂಬ ಕಲ್ಪನೆ ಹಲವರಲ್ಲಿದೆ. ಇದನ್ನು ತರಗತಿಯಲ್ಲಿ ಸುಲಭವಾಗಿ ಪರೀಕ್ಷಿಸಬಹುದು. ಒಂದು ಗಾಜಿನ ಲೋಟದ ತುಂಬ ಒಣ ಮರಳು ಹಾಕಿ. ಅಳತೆಯ ಪಾತ್ರೆಯಿಂದ ನಿಧಾನವಾಗಿ ನೀರು ಸುರಿಯಿರಿ. ‘ತುಂಬಿದ’ ಲೋಟ ಇನ್ನೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೀರನ್ನು ಕುಡಿಯುತ್ತದೆ. ಈ ಖಾಲಿ ಜಾಗದ ಶೇಕಡ ಪ್ರಮಾಣಕ್ಕೆ ರಂಧ್ರತೆ ಎಂದು ಹೆಸರು. ಒಂದೇ ಗಾತ್ರದ ಗೋಲಿಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ಸುಮಾರು ಶೇ. 26 ಭಾಗ ಖಾಲಿ ಉಳಿದೇ ಉಳಿಯುತ್ತದೆ ಎಂಬುದು ಗಣಿತದ ಮಾತು.

ಈಜಿಪ್ಟಿನ ನ್ಯೂಬಿಯ ಮರಳುಗಲ್ಲಿನ ರಂಧ್ರತೆ ಹಲವೆಡೆ ಶೇ. 20ರಿಂದ 30. ಅಂದರೆ ಒಂದು ಘನ ಮೀಟರ್ ಕಲ್ಲಿನಲ್ಲಿ 200ರಿಂದ 300 ಲೀಟರ್ ನೀರಿಗೆ ಜಾಗವಿದೆ. ಸಂದುಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ನೀರು ಒಂದೆಡೆಯಿಂದ ಇನ್ನೊಂದೆಡೆಗೆ ಜಿನುಗಬಲ್ಲದು. ಈ ಗುಣ ಪಾರಗಮ್ಯತೆ. ರಂಧ್ರತೆ, ಪಾರಗಮ್ಯತೆ ಎರಡೂ ಇರುವ ಶಿಲಾಸ್ತರವೇ ಜಲಧರ. ಜೇಡಿಯಲ್ಲಿ ರಂಧ್ರತೆ ಹೆಚ್ಚು, ಆದರೆ ಸಂದುಗಳು ಅತಿ ಸೂಕ್ಷ್ಮವಾದ್ದರಿಂದ ನೀರು ಹಾಯುವುದಿಲ್ಲ. ಅದಕ್ಕೇ ಜೇಡಿಯ ಪದರ ಮುಚ್ಚಳದಂತೆ ಕೆಲಸ ಮಾಡುತ್ತದೆ.

ಖರ್ಗಾ, ದಖ್ಲಾಗಳಲ್ಲಿ ಮರಳುಗಲ್ಲಿನ ಮೇಲೆ ಇಂಥ ಜೇಡಿಶಿಲೆಯ ಮುಚ್ಚಳವಿದೆ. ದಕ್ಷಿಣ ಮತ್ತು ನೈರುತ್ಯದ ಎತ್ತರದ ನೆಲದಲ್ಲಿ ಸೇರಿದ ನೀರು ಇಳಿಜಾರಿನಲ್ಲಿ ಉತ್ತರಕ್ಕೆ ಜಿನುಗುತ್ತ ಈ ಮುಚ್ಚಳದಡಿಗೆ ಬಂದಾಗ ಅದರ ಮೇಲೆ ಒತ್ತಡವಿರುತ್ತದೆ. ಮುಚ್ಚಳವನ್ನು ಕೊರೆದರೆ ಪಂಪಿನ ನೆರವಿಲ್ಲದೆ ನೀರು ಚಿಮ್ಮುತ್ತದೆ. ಇದೇ ಆರ್ಟೀಸಿಯನ್ ಬಾವಿ. ಓಯಸಿಸ್‌ಗಳು ತಗ್ಗುಪ್ರದೇಶದಲ್ಲೇ ಇರುವುದಕ್ಕೆ ಇದು ಕಾರಣ. ಅಲ್ಲಿ ನೆಲ ನೀರಿನ ಒತ್ತಡದ ಮಟ್ಟಕ್ಕಿಂತ ಕೆಳಗಿದೆ. ಆಳದಿಂದ ಬರುವ ಈ ನೀರು ಮುಟ್ಟಿದರೆ ಬೆಚ್ಚಗಿರುತ್ತದೆ.

ನೀರಿಗೆ ವಯಸ್ಸು ಕೇಳುವುದು ಹೇಗೆ?

ನೀರಿನ ವಯಸ್ಸು ಎಂದರೆ ಅದು ಮಳೆಯಾಗಿ ನೆಲಕ್ಕಿಳಿದು ಗಾಳಿಯ ಸಂಪರ್ಕ ಕಳೆದುಕೊಂಡಂದಿನಿಂದ ಕಳೆದ ಕಾಲ. ಇದಕ್ಕೆ ಮೊದಲು ಬಳಸಿದ್ದು ಕಾರ್ಬನ್-14. ನೀರಿನಲ್ಲಿ ಕರಗಿದ ಕಾರ್ಬನ್ ಸಂಯುಕ್ತಗಳಲ್ಲಿ ಈ ವಿಕಿರಣಶೀಲ ಸಮಸ್ಥಾನಿ ಇರುತ್ತದೆ. ಅದರ ಅರ್ಧಾಯು 5,730 ವರ್ಷ. ಅಂದರೆ ಪ್ರತಿ 5,730 ವರ್ಷಕ್ಕೆ ಅದರ ಪ್ರಮಾಣ ಅರ್ಧವಾಗುತ್ತದೆ. ಏಳೆಂಟು ಅರ್ಧಾಯು ಕಳೆದರೆ ಅಳೆಯಲು ಉಳಿಯುವುದು ಅತ್ಯಲ್ಪ. ಹೀಗಾಗಿ 40–50 ಸಾವಿರ ವರ್ಷಕ್ಕಿಂತ ಹಿಂದಕ್ಕೆ ಈ ಗಡಿಯಾರ ಓಡದು. ಓಯಸಿಸ್‌ಗಳ ಆಳದ ನೀರನ್ನು ಈ ಗಡಿಯಾರ ಅದರ ಮಿತಿಯ ಅಂಚಿನಲ್ಲಿ ತೋರಿಸುತ್ತಿತ್ತು. ನಿಜವಾದ ವಯಸ್ಸು ಇನ್ನೂ ಹೆಚ್ಚಿರಬಹುದು ಎಂಬ ಸಂಶಯ ಹೀಗೆ ಹುಟ್ಟಿತು.

ನಿಧಾನವಾಗಿ ಓಡುವ ಗಡಿಯಾರ ಬೇಕಿತ್ತು. ಅದು ಸಿಕ್ಕಿದ್ದು ಕ್ರಿಪ್ಟಾನ್-81ರಲ್ಲಿ. ವಾಯುಮಂಡಲದ ಕ್ರಿಪ್ಟಾನ್ ಅನಿಲಕ್ಕೆ ವಿಶ್ವಕಿರಣಗಳು ಬಡಿದಾಗ ಈ ಸಮಸ್ಥಾನಿ ಉಂಟಾಗುತ್ತದೆ. ಅರ್ಧಾಯು ಸುಮಾರು 2,29,000 ವರ್ಷ. ಕ್ರಿಪ್ಟಾನ್ ಜಡಾನಿಲವಾದ್ದರಿಂದ ನೆಲದಡಿಯ ಖನಿಜಗಳೊಡನೆ ವರ್ತಿಸಿ ಲೆಕ್ಕ ಕೆಡಿಸುವುದಿಲ್ಲ. ತೊಡಕು ಒಂದೇ, ಅದು ತೀರ ವಿರಳ. ಗಾಳಿಯಲ್ಲಿ ಕ್ರಿಪ್ಟಾನೇ ಕಡಿಮೆ. ಅದರಲ್ಲೂ ಸುಮಾರು ಎರಡು ಲಕ್ಷ ಕೋಟಿ ಕ್ರಿಪ್ಟಾನ್ ಪರಮಾಣುಗಳಲ್ಲಿ ಒಂದು ಮಾತ್ರ ಕ್ರಿಪ್ಟಾನ್-81. ಹೊಸ ಮಳೆನೀರಿನ ಒಂದು ಲೀಟರಿನಲ್ಲಿ ಇಂಥ ಪರಮಾಣುಗಳು ಸುಮಾರು ಒಂದು ಸಾವಿರ ಅಷ್ಟೆ.

ಇವನ್ನು ಎಣಿಸಲು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು 1999ರಲ್ಲಿ ಒಂದು ಹೊಸ ವಿಧಾನ ರೂಪಿಸಿದರು. ನಿಖರವಾಗಿ ಹೊಂದಿಸಿದ ಲೇಸರ್ ಕಿರಣಗಳು ಬೇಕಾದ ಸಮಸ್ಥಾನಿಯ ಪರಮಾಣುವನ್ನು ಮಾತ್ರ ನಿಧಾನಗೊಳಿಸಿ ಬಲೆಯಲ್ಲಿ ಹಿಡಿಯುತ್ತವೆ. ಹಿಡಿದ ಒಂದೊಂದು ಪರಮಾಣುವೂ ಮಿನುಗುವ ಚುಕ್ಕೆಯಾಗಿ ಕಾಣುತ್ತದೆ, ಅದನ್ನು ಎಣಿಸಬಹುದು. ಈಜಿಪ್ಟಿನ ಪಶ್ಚಿಮ ಮರುಭೂಮಿಯ ಬಾವಿಗಳಲ್ಲಿ ಹಲವು ಸಾವಿರ ಲೀಟರ್ ನೀರಿನಿಂದ ಅನಿಲವನ್ನು ಬೇರ್ಪಡಿಸಿ ಈ ರೀತಿ ಪರೀಕ್ಷಿಸಲಾಯಿತು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು: ನೀರಿನ ವಯಸ್ಸು ಸುಮಾರು 2 ಲಕ್ಷದಿಂದ 10 ಲಕ್ಷ ವರ್ಷ!

ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿನೋಡಬಹುದು. ನೀರಿನಲ್ಲಿ ಕ್ರಿಪ್ಟಾನ್-81 ಗಾಳಿಯಲ್ಲಿರುವುದರ ಅರ್ಧದಷ್ಟಿದ್ದರೆ ವಯಸ್ಸು 2,29,000 ವರ್ಷ, ಕಾಲುಭಾಗವಿದ್ದರೆ 4,58,000 ವರ್ಷ, ಎಂಟನೆಯ ಒಂದು ಭಾಗವಿದ್ದರೆ 6,87,000 ವರ್ಷ. ಇಂದು ದಖ್ಲಾದ ರೈತ ಗೋಧಿಗೆ ಹಾಯಿಸುವ ನೀರಿನ ಬಹುಭಾಗ ಆಧುನಿಕ ಮಾನವ ಜಾತಿ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಅಥವಾ ಅದಕ್ಕೂ ಹಿಂದೆ ಬಿದ್ದ ಮಳೆ.

ಆ ಮಳೆ ಬಂದದ್ದೆಲ್ಲಿಂದ?

ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೊನೆಯುತ್ತದೆ. ಇದರಿಂದ ಸುಮಾರು 21,000 ವರ್ಷಗಳಿಗೊಮ್ಮೆ ಉತ್ತರಾರ್ಧ ಗೋಳದ ಬೇಸಗೆಯಲ್ಲಿ ಬೀಳುವ ಬಿಸಿಲು ಹೆಚ್ಚುತ್ತದೆ. ಆಗ ಆಫ್ರಿಕದ ಮಾನ್ಸೂನ್ ಬಲಗೊಂಡು ಉತ್ತರಕ್ಕೆ ಸಾಗಿ ಸಹರಾ ಹಸಿರಾಗುತ್ತದೆ. ಇಂಥ ಹಸಿರು ಕಾಲ ಮತ್ತೆ ಮತ್ತೆ ಬಂದುಹೋಗಿದೆ. ಇತ್ತೀಚಿನದು ಸುಮಾರು 11,000ದಿಂದ 5,000 ವರ್ಷಗಳ ಹಿಂದಿನದು. ಈಜಿಪ್ಟಿನ ಗಿಲ್ಫ್ ಕೆಬೀರ್ ಪ್ರಸ್ಥಭೂಮಿಯ ಮರಳುಗಲ್ಲಿನ ಗವಿಯಲ್ಲಿ 1933ರಲ್ಲಿ ಕಂಡುಬಂದ ಚಿತ್ರಗಳಲ್ಲಿ ಈಜುತ್ತಿರುವಂತೆ ತೋರುವ ಮನುಷ್ಯರಿದ್ದಾರೆ. 1981ರಲ್ಲಿ ಕೊಲಂಬಿಯ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿದಾಗ ಈ ಪ್ರದೇಶದ ಮರಳಿನಡಿ ಹುದುಗಿದ್ದ ಹಳೆಯ ನದೀಕಣಿವೆಗಳು ಗೋಚರಿಸಿದವು.

ಓಯಸಿಸ್‌ಗಳ ಆಳದ ನೀರಿನಲ್ಲಿ ಮತ್ತೊಂದು ಸುಳಿವಿದೆ. ಅದರಲ್ಲಿ ಭಾರ ಜಲಜನಕದ ಪ್ರಮಾಣ ಕಡಿಮೆ. ಮೋಡ ಬಹುದೂರ ಸಾಗುವಾಗ ಭಾರವಾದ ನೀರಿನ ಅಣುಗಳು ದಾರಿಯಲ್ಲೇ ಮೊದಲು ಮಳೆಯಾಗಿ ಇಳಿಯುತ್ತವೆ, ಕೊನೆಗೆ ಸುರಿಯುವ ಮಳೆ ಹಗುರ. ಇದರಿಂದ ಅಟ್ಲಾಂಟಿಕ್ ಸಾಗರದ ತೇವ ಖಂಡವನ್ನು ದಾಟಿ ಇಲ್ಲಿಗೆ ಬಂದಿತ್ತೆಂದು ವಿಜ್ಞಾನಿಗಳು ನಿರ್ಧರಿಸಿದ್ದಾರೆ. ಕುಫ್ರಾ ಸುತ್ತಮುತ್ತ ಮೇಲಿನ ಪದರಗಳಲ್ಲಿ ಕಳೆದ ಹಸಿರು ಕಾಲದ ನೀರೂ ಕೆಲವೆಡೆ ಇದೆ. ಏನೇ ಆದರೂ ಇಂದಿನ ಮಳೆಯಿಂದ ಸೇರುವ ನೀರು ಗಣನೆಗೆ ಬಾರದಷ್ಟು ಕಡಿಮೆ. ಖಾತೆಗೆ ಜಮೆ ನಿಂತು ಬಹಳ ಕಾಲವಾಯಿತು.

ಖರ್ಚಿನ ಕಡೆ

ಪರ್ಷಿಯನ್ನರ ಆಳ್ವಿಕೆಯ ಕಾಲದಲ್ಲೇ, ಅಂದರೆ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ, ಖರ್ಗಾದ ಜನ ಮರಳುಗಲ್ಲಿನಲ್ಲಿ ಸುರಂಗ ತೋಡಿ ನೀರು ಪಡೆಯುತ್ತಿದ್ದರು. ಆ ಖರ್ಚು ಸಣ್ಣದು. ದೊಡ್ಡ ಖರ್ಚು ಶುರುವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಈಜಿಪ್ಟ್ ‘ಹೊಸ ಕಣಿವೆ’ ಯೋಜನೆಯಲ್ಲಿ ಓಯಸಿಸ್‌ಗಳಲ್ಲಿ ಆಳದ ಬಾವಿಗಳನ್ನು ಕೊರೆಯಿತು. ಲಿಬಿಯದಲ್ಲಿ 1950ರ ದಶಕದಲ್ಲಿ ತೈಲ ಹುಡುಕುತ್ತಿದ್ದವರಿಗೆ ಸಿಹಿನೀರು ಸಿಕ್ಕಿತು. 1984ರಲ್ಲಿ ಅಲ್ಲಿ ‘ಮಾನವನಿರ್ಮಿತ ಮಹಾನದಿ’ ಯೋಜನೆ ಆರಂಭವಾಯಿತು. ನಾಲ್ಕು ಮೀಟರ್ ವ್ಯಾಸದ ಕಾಂಕ್ರೀಟ್ ಕೊಳವೆಗಳನ್ನು ನೆಲದಲ್ಲಿ ಹೂತು, ತಾಜೆರ್ಬೊ ಮತ್ತು ಸರೀರ್‌ಗಳ ಬಾವಿಗಳಿಂದ ಕಡಲತೀರಕ್ಕೆ ನೀರು ಸಾಗಿಸಲಾಯಿತು. 1991ರಲ್ಲಿ ಬೆಂಗಾಜಿಗೆ ನೀರು ತಲುಪಿತು. (1996ರಲ್ಲಿ ಟ್ರಿಪೊಲಿ ನಗರಕ್ಕೆ ಬಂದ ನೀರು ಪಶ್ಚಿಮದ ಬೇರೊಂದು ದ್ರೋಣಿಯದು.) ಕಡಲತೀರದ ಬಾವಿಗಳಿಗೆ ಉಪ್ಪುನೀರು ನುಗ್ಗಿ ಕಂಗೆಟ್ಟಿದ್ದ ಜನರಿಗೆ ಇದು ದೊಡ್ಡ ವರವೇ ಸರಿ.

ಬೊಕ್ಕಸದಲ್ಲಿ ಎಷ್ಟಿದೆ? ಹೆಚ್ಚಾಗಿ ಉಲ್ಲೇಖವಾಗುವ ಅಂದಾಜು 1,50,000 ಘನ ಕಿಲೋಮೀಟರ್. ಇದಕ್ಕೂ ದೊಡ್ಡ ಅಂದಾಜುಗಳಿವೆ. ನಮ್ಮ ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ ಸುಮಾರು 49.5 ಟಿಎಂಸಿ ಅಡಿ, ಎಂದರೆ 1.4 ಘನ ಕಿಲೋಮೀಟರ್. ಆ ಲೆಕ್ಕದಲ್ಲಿ ಇದು ಲಕ್ಷಕ್ಕೂ ಹೆಚ್ಚು ಕೃಷ್ಣರಾಜಸಾಗರಗಳಿಗೆ ಸಮ. 2000ರ ಸುಮಾರಿಗೆ ನಾಲ್ಕೂ ದೇಶಗಳು ವರ್ಷಕ್ಕೆ ಎತ್ತುತ್ತಿದ್ದುದು 2 ಘನ ಕಿಲೋಮೀಟರಿಗಿಂತ ತುಸು ಹೆಚ್ಚು. ಭಾಗಿಸಿದರೆ ಎಪ್ಪತ್ತು ಸಾವಿರ ವರ್ಷ ಸಾಲುತ್ತದೆ! ಹಾಗಿದ್ದರೆ ಚಿಂತೆ ಏಕೆ?

ಭಾಗಾಕಾರ ಹೇಳದ ಸಂಗತಿ

ಈ ಲೆಕ್ಕದಲ್ಲಿ ಒಂದು ತಪ್ಪಿದೆ. ಜಲಧರವನ್ನು ತೊಟ್ಟಿ ಎಂದು ಅದು ಭಾವಿಸುತ್ತದೆ. ತೊಟ್ಟಿಯ ಒಂದು ಮೂಲೆಯಲ್ಲಿ ನೀರು ತೆಗೆದರೆ ಇಡೀ ತೊಟ್ಟಿಯ ಮಟ್ಟ ಸಮನಾಗಿ ಇಳಿಯುತ್ತದೆ. ಕಲ್ಲಿನಲ್ಲಿ ಹಾಗಲ್ಲ. ಇಲ್ಲಿ ನೀರು ಸಹಜವಾಗಿ ಜಿನುಗುವ ವೇಗ ವರ್ಷಕ್ಕೆ ಒಂದೆರಡು ಮೀಟರ್ ಮಾತ್ರ. ವರ್ಷಕ್ಕೆ ಒಂದು ಮೀಟರಿನಂತೆ 500 ಕಿಲೋಮೀಟರ್ ಸಾಗಲು 5 ಲಕ್ಷ ವರ್ಷ ಬೇಕು. ಕ್ರಿಪ್ಟಾನ್ ಹೇಳಿದ ವಯಸ್ಸಿಗೂ ಇದಕ್ಕೂ ತಾಳೆಯಾಗುತ್ತದೆ ಎಂಬುದನ್ನು ಗಮನಿಸಿ.

ಹೀಗಾಗಿ ಪಂಪ್ ಮಾಡಿದಾಗ ನೀರು ಮುಖ್ಯವಾಗಿ ಬಾವಿಯ ಆಸುಪಾಸಿನಿಂದಲೇ ಬರುತ್ತದೆ. ಬಾವಿಯ ಸುತ್ತ ನೀರಿನ ಮಟ್ಟ ಆಲಿಕೆಯ ಆಕಾರದಲ್ಲಿ ಕುಸಿಯುತ್ತದೆ. ಹತ್ತಿರ ಹತ್ತಿರ ಹಲವು ಬಾವಿಗಳಿದ್ದರೆ ಆಲಿಕೆಗಳು ಕೂಡಿಕೊಂಡು ಕುಸಿತ ಇನ್ನೂ ಆಳವಾಗುತ್ತದೆ. ದೂರದ ಚಾಡ್‌ನಲ್ಲಿ ಎಷ್ಟೇ ನೀರಿದ್ದರೂ ಖರ್ಗಾದ ಬಾವಿಗೆ ಅದು ಸಕಾಲಕ್ಕೆ ಒದಗದು. ಖರ್ಗಾದಲ್ಲಿ ಆದದ್ದು ಇದೇ. ತಾನಾಗಿ ಚಿಮ್ಮುತ್ತಿದ್ದ ಬಾವಿಗಳಲ್ಲಿ ಒತ್ತಡ ಇಳಿಯಿತು, ಹಳೆಯ ಬುಗ್ಗೆಗಳು ಬತ್ತಿದವು, ಪಂಪ್ ಕೂರಿಸಬೇಕಾಯಿತು. ಆಳ ಹೆಚ್ಚಿದಂತೆ ವಿದ್ಯುತ್ ಅಥವಾ ಡೀಸಲ್ ವೆಚ್ಚ ಏರುತ್ತದೆ. ಉತ್ತರದ ಅಂಚಿನಲ್ಲಿ ಸಿಹಿನೀರಿನ ಪಕ್ಕದಲ್ಲೇ ಉಪ್ಪುನೀರಿದೆ, ಒತ್ತಡ ತಗ್ಗಿದರೆ ಅದು ಒಳನುಗ್ಗುವ ಅಪಾಯವೂ ಇದೆ. ಕಲ್ಲಿನಲ್ಲಿ ನೀರು ಇನ್ನೂ ಧಾರಾಳವಾಗಿರುವಾಗಲೇ ರೈತನ ಪಾಲಿಗೆ ಅದು ಮುಗಿದುಹೋಗಬಹುದು.

ನೀರಿಗೆ ಗಡಿರೇಖೆಯೂ ತಿಳಿಯದು. ಒಂದು ದೇಶದ ಗಡಿಯಂಚಿನಲ್ಲಿ ಅತಿಯಾಗಿ ಎತ್ತಿದರೆ ಪಕ್ಕದ ದೇಶದ ಬಾವಿಗಳೂ ಇಳಿಯುತ್ತವೆ. ಈಜಿಪ್ಟ್ ಮತ್ತು ಲಿಬಿಯ 1990ರ ದಶಕದ ಆರಂಭದಲ್ಲಿ ಒಂದು ಜಂಟಿ ಪ್ರಾಧಿಕಾರ ರಚಿಸಿಕೊಂಡವು. ಸೂಡಾನ್ ಮತ್ತು ಚಾಡ್ ಆಮೇಲೆ ಸೇರಿದವು. 2013ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯಲ್ಲಿ ನಾಲ್ಕೂ ದೇಶಗಳು ಜಂಟಿ ಕಾರ್ಯಯೋಜನೆಗೆ ಸಹಿ ಹಾಕಿದವು. ಪರಮಾಣು ಸಂಸ್ಥೆಗೆ ಇಲ್ಲೇನು ಕೆಲಸ ಎಂದು ಕೇಳಬಹುದು. ಸಮಸ್ಥಾನಿಗಳಿಂದ ನೀರಿನ ವಯಸ್ಸು ಮತ್ತು ಹರಿವನ್ನು ತಿಳಿಯುವ ವಿದ್ಯೆ ಅದರ ಕ್ಷೇತ್ರ. ಎಲ್ಲರೂ ಒಪ್ಪುವ ಅಳತೆ ಇದ್ದರೆ ಹಂಚಿಕೆಯ ಮಾತು ಸಾಧ್ಯ.

ನಮ್ಮ ನೆಲದ ಸ್ಥಿತಿ ಬೇರೆ. ಕರ್ನಾಟಕದ ಬಹುಭಾಗದಲ್ಲಿ ಕೆಳಗಿರುವುದು ಗಟ್ಟಿಯಾದ ಗ್ರಾನೈಟ್ ಮತ್ತು ನೈಸ್. ಅವುಗಳ ರಂಧ್ರತೆ ಶೇ. ಒಂದಕ್ಕಿಂತ ಕಡಿಮೆ. ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ನಮ್ಮ ಬೊಕ್ಕಸ ಸಣ್ಣದು, ಆದರೆ ಅದಕ್ಕೆ ಪ್ರತಿ ಮಳೆಗಾಲದಲ್ಲೂ ಜಮೆ ಉಂಟು. ಕೆರೆಗಳನ್ನು ಕಟ್ಟಿದ ಹಿಂದಿನವರು ಆ ಜಮೆಯನ್ನು ಹಿಡಿದಿಡುವ ದಾರಿ ಕಂಡಿದ್ದರು. ಸಹರಾದ ರೈತನಿಗೆ ಆ ಅವಕಾಶವಿಲ್ಲ. ಅವನು ಎತ್ತುವ ಪ್ರತಿ ಬಿಂದಿಗೆಯೂ ಅಸಲಿನಿಂದ ತೆಗೆದದ್ದು. ಅದನ್ನು ಮುಟ್ಟಲೇಬಾರದು ಎನ್ನುವುದು ಬಾಯಾರಿದವರಿಗೆ ಹೇಳುವ ಮಾತಲ್ಲ. ಯಾವ ಬೆಳೆಗೆ, ಎಷ್ಟು, ಎಷ್ಟು ವರ್ಷಗಳವರೆಗೆ ಎಂದು ಮೊದಲೇ ಲೆಕ್ಕ ಹಾಕಿ, ಅದು ತೀರುವುದರೊಳಗೆ ಬದಲಿ ದಾರಿಯೊಂದನ್ನು ಸಿದ್ಧಪಡಿಸಿಕೊಳ್ಳುವುದು ವಿವೇಕ. ಬಾವಿಯ ನೀರಿನ ಮಟ್ಟವನ್ನು ವರ್ಷವರ್ಷವೂ ಅಳೆದು ಬರೆದಿಡುವುದು ಆ ಲೆಕ್ಕದ ಮೊದಲ ಹೆಜ್ಜೆ. ಆ ಕೆಲಸವನ್ನು ನಮ್ಮ ಶಾಲೆಯ ಪಕ್ಕದ ಬಾವಿಯಿಂದಲೂ ಆರಂಭಿಸಬಹುದು.